ನನ್ನ ಅಳತೆಗೆ ಬಂದ ಟ್ರ್ಯಾಕ್ಟರ್

ಅರವತ್ತರ ದಶಕದ ಮೊದಲ ವರ್ಷಗಳು. ಯುಗಾದಿ ಮುಗಿದು ಹದಿನೈದು ದಿನವಾಗಿತ್ತು. ನಮ್ಮ ಯಜಮಾನರು ಮೇವಿನ ಬಣವೆಯ ಮೇಲೆ ನಿಂತು ಜೋಳದ ಕಣಿಕೆ ಸರಿಪಡಿಸುತ್ತಿದ್ದವರು, ಕಾಲು ಜಾರಿ ಕೆಳಗಿದ್ದ, ದನಗಳಿಗೆ ನೀರುಣಿಸುವ ಕಲ್ಲಿನ ದೋಣಿಯ ಮೇಲೆ ಬಿದ್ದರು. ಎಡತೊಡೆಯ ಎಲುಬು ಮುರಿಯಿತು. ಧಾರವಾಡದ ದವಾಖಾನೆಯಲ್ಲಿ ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಮೂರು ತಿಂಗಳು ಅಲುಗಾಡಬಾರದೆಂದು ಹೇಳಿ, ಅಮ್ಮಿನಬಾವಿಯ ನಮ್ಮ ಮನೆಗೆ ಕಳಿಸಿಕೊಟ್ಟರು.

ನನಗಾಗ ಇಪ್ಪತ್ತೆರಡು ವರ್ಷ. ಧಾರವಾಡ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಈ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ನಾವು ಮೂರೇ ಮಂದಿ. ಅವರು, ನಾನು, ನಮ್ಮ ಅತ್ತೆ. ಅದರ ಹಿಂದಿನ ವರ್ಷವಷ್ಟೇ ಎರಡು ಜೋಡಿ ಎತ್ತು ಮಾರಿ ಯಜಮಾನರು ಒಂದು ಹಳೆಯ ಪುಟ್ಟ ಟ್ರ್ಯಾಕ್ಟರ್ ತಂದಿದ್ದರು. ಹೊರದೇಶದಲ್ಲಿ ತಯಾರಾದದ್ದು. ಮುಂದೆ ಹ್ಯಾಂಡಲ್ ಹಾಕಿ ತಿರುವಿದರೆ ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಊರಿನಲ್ಲಿ ಅದನ್ನು ನಡೆಸಲು ಬರುತ್ತಿದ್ದದ್ದು ಅವರೊಬ್ಬರಿಗೇ. ಈಗ ಅವರು ಹೊರಸಿನ ಮೇಲೆ ಮಲಗಿದ್ದರು, ಕೊಟ್ಟಿಗೆಯಲ್ಲಿ ಎತ್ತುಗಳಿರಲಿಲ್ಲ, ಮಳೆಗಾಲ ಒಂದೂವರೆ ತಿಂಗಳು ದೂರವಿತ್ತು.

ಹುಬ್ಬಳ್ಳಿ ಕಡೆಯಿಂದ ಒಬ್ಬ ಡ್ರೈವರನನ್ನು ಕರೆಸಿದೆವು. ಎರಡು ದಿನ ಗಾಡಿ ಹೊಡೆದು, ಮೂರನೆಯ ದಿನ ಲಾರಿಯ ಕೆಲಸ ಸಿಕ್ಕಿತೆಂದು ಹೋದವನು ತಿರುಗಿ ಬರಲಿಲ್ಲ. ಅಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅತ್ತೆ ಸಹಜವಾಗಿ ಅಂದರು:

"ಯಾರ್ಯಾರನ್ನೋ ಯಾಕ ಹುಡುಕಾಕತ್ತೀಪಾ? ಈಕಿ ಹೊಡೀತಾಳ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿ, "ಹೆಣಮಕ್ಕಳು ಹೊಡಿಯೋ ಗಾಡಿ ಅಲ್ಲವ್ವಾ ಅದು" ಅಂದರು.

"ಹೊಲಿಗಿ ಮಷಿನ್ ಹೊಡೀತಾಳಲ್ಲ? ಅದೂ ಕಾಲಾಗಿಂದ, ಇದೂ ಕಾಲಾಗಿಂದ."

ಟ್ರ್ಯಾಕ್ಟರಿನ ಮೇಲೆ ಒಮ್ಮೆಯೂ ಹತ್ತದ ಅತ್ತೆಗೆ ಅದು ಅಷ್ಟು ಸುಲಭವೆನಿಸಿತ್ತು. ಮರುದಿನ ಅವರೇ ನನ್ನ ಕೈ ಹಿಡಿದು ಕೊಟ್ಟಿಗೆಗೆ ಕರೆದೊಯ್ದು ಅದರ ಮೇಲೆ ಕೂಡಿಸಿದರು. ನನ್ನ ಎತ್ತರ ಐದಡಿಗೆ ಎರಡು ಬೆರಳು ಕಡಿಮೆ. ಆ ಕಬ್ಬಿಣದ ಸೀಟು ಆರಡಿ ಆಳಿಗೆ ಮಾಡಿದ್ದು. ಹಿಂದಕ್ಕೆ ಒರಗಿದರೆ ಕಾಲುಗಳು ಮಗುವಿನ ಕಾಲಿನಂತೆ ನೆಲ ಮುಟ್ಟದೆ ಗಾಳಿಯಲ್ಲಿ ಜೋತಾಡುತ್ತಿದ್ದವು. ಮುಂದೆ ಜರುಗಿ ತುದಿಯಲ್ಲಿ ಕುಳಿತು ಕ್ಲಚ್ಚಿನ ಪೆಡಲ್ ಒತ್ತಿದರೆ ಪೆಡಲ್ ಅಲುಗಲಿಲ್ಲ, ನಾನೇ ಮೇಲಕ್ಕೆದ್ದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೂ ನಗು ಬಂತು, ಬೆನ್ನಿಗೇ ಅಳುವೂ ಬಂತು.

ಇದನ್ನೆಲ್ಲ ಕೇಳಿದ ಯಜಮಾನರು ಎರಡು ದಿನ ಬಿಟ್ಟು ಒಂದು ಕಾರ್ಡು ಬರೆದು ಅಂಚೆಗೆ ಹಾಕಲು ಕೊಟ್ಟರು. ಅದು ಗಾಡಿಯನ್ನು ನನ್ನ ಕಾಲಿಗೆ ಹೊಂದಿಸಿಕೊಡಿರೆಂದು ಹುಬ್ಬಳ್ಳಿ ಮಗ್ಗುಲ ಬೆಂಗೇರಿಯ ಫಿಟರ್ ಕಾಕಾ ಅವರಿಗೆ ಬರೆದದ್ದು. ಅವರು ರೈಲ್ವೆಯಲ್ಲಿ ಮೂವತ್ತು ವರ್ಷ ಫಿಟರ್ ಆಗಿದ್ದು ನಿವೃತ್ತರಾಗಿ, ಮನೆಯ ಮಗ್ಗುಲಲ್ಲೇ ಒಂದು ತಗಡಿನ ಶೆಡ್ಡಿನಲ್ಲಿ ಪಂಪು, ಎಂಜಿನ್ನು ರಿಪೇರಿ ಮಾಡುತ್ತಿದ್ದರು. ನಮ್ಮ ಟ್ರ್ಯಾಕ್ಟರ್ ಕೊಳ್ಳುವಾಗ ಅದರ ಎಂಜಿನ್ನಿಗೆ ಕಿವಿಯಿಟ್ಟು ಕೇಳಿ ಹೂಂ ಅಂದವರೂ ಅವರೇ.

ಕಾರ್ಡು ತಲುಪಿದ ನಾಲ್ಕನೆಯ ದಿನ ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನಿಂದಿಳಿದರು. ತೆಳ್ಳನೆಯ, ಎತ್ತರದ ಮನುಷ್ಯ. ಖಾಕಿ ಶರ್ಟು, ಕಿವಿಯ ಮೇಲೊಂದು ಪೆನ್ಸಿಲ್ ತುಂಡು. ಚಹಾ ಕುಡಿದು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ನೋಟದಲ್ಲಿ ಆಶ್ಚರ್ಯವಿರಲಿಲ್ಲ. ಒಂದು ಬಾಗಿಲಿಗೆ ಎಷ್ಟು ಉದ್ದದ ಚಿಲಕ ಬೇಕೆಂದು ನೋಡಿದಂತಿತ್ತು.

"ಗಾಡಿ ಮ್ಯಾಲ ಕೂಡವಾ ತಂಗಿ. ಅಳತಿ ತಗೋಬೇಕು."

ಅಳತೆ ತೆಗೆದುಕೊಂಡದ್ದು ಹೇಗೆಂದರೆ, ನಾನು ಸೀಟಿನ ಮೇಲೆ ಕುಳಿತೆ. ಕಾಕಾ ಮುಖ ಆಚೆ ತಿರುಗಿಸಿ ನಿಂತರು. ಅತ್ತೆ ನೂಲಿನ ದಾರ ಹಿಡಿದು ನನ್ನ ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಿಮ್ಮಡಿಗೆ ಅಳೆದು ಗಂಟು ಹಾಕಿ ಕೊಟ್ಟರು. ಕಾಕಾ ಆ ಗಂಟುಗಳನ್ನು ಮುಟ್ಟಿ ನೋಡಿ, ಕೊಟ್ಟಿಗೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡರು. ಅವರು ಮಾಡಿದ ಆ ಮರ್ಯಾದೆಯನ್ನು ನಾನು ಇಂದಿಗೂ ಮರೆತಿಲ್ಲ. ಊರಿನ ನಾಲ್ಕು ಮಂದಿ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರೂ ನನಗೆ ನಾಚಿಕೆಯೆನಿಸಲಿಲ್ಲ.

ನಾಲ್ಕು ದಿನ ಅವರು ನಮ್ಮಲ್ಲೇ ಉಳಿದರು. ಸೀಟಿನ ಕೆಳಗಿನ ಪಟ್ಟಿಗೆ ಹೊಸ ತೂತು ಕೊರೆದು ಸೀಟನ್ನು ಒಂದು ಗೇಣು ಮುಂದಕ್ಕೆ ತಂದರು. ಬೆನ್ನಿಗೆ ಆಸರೆಯಾಗಲೆಂದು ಮುರಿದ ಕುರ್ಚಿಯೊಂದರ ಹಿಂಬದಿಯನ್ನು ಬೋಲ್ಟು ಹಾಕಿ ಕೂಡಿಸಿದರು. ಬ್ರೇಕಿನ ಪೆಡಲುಗಳಿಗೆ ಜಾಲಿಕಟ್ಟಿಗೆಯ ದಪ್ಪ ತುಂಡು ಜೋಡಿಸಿದರು. ಕ್ಲಚ್ಚಿನ ಪೆಡಲಿನ ತೋಳಿಗೆ ಮಾತ್ರ ಕಬ್ಬಿಣದ ಪಟ್ಟಿ ಸೇರಿಸಿ ಉದ್ದ ಮಾಡಿದರು. ಯಾಕೆಂದು ಕೇಳಿದೆ.

"ಕಲ್ಲು ಎಬ್ಬಸೋ ಹಾರಿ ನೋಡೀದಿಲ್ಲೋ, ಅದು ಗಿಡ್ಡ ಇದ್ರ ಒತ್ತೋದು ಕಷ್ಟ, ಉದ್ದ ಇದ್ರ ಹಗೂರ. ನಿನ್ನ ಕಾಲಾಗ ಬಲ ಕಡಿಮಿ ಇಲ್ಲ ತಂಗಿ. ಪೆಡಲ್ ಗಿಡ್ಡ ಐತಿ, ಅಷ್ಟ."

ಈ ಮಾತು ಹೇಳಿ ಅವರು ಮತ್ತೆ ಕೆಲಸಕ್ಕೆ ಬಾಗಿದರು. ನನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಒಂದು ವಾರ ಕಳೆದಿದ್ದ ನನಗೆ, ಕೊರತೆ ಪೆಡಲಿನದು ಎಂದು ಒಬ್ಬ ತಿಳಿದ ಮನುಷ್ಯ ಹೇಳಿದ್ದು ಎಷ್ಟು ದೊಡ್ಡದಾಗಿತ್ತೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಎಂಜಿನ್ ಚಾಲೂ ಮಾಡುವಾಗ ಹ್ಯಾಂಡಲ್ ತಿರುಗಿ ಹೊಡೆದು ಮುಂಗೈ ಮುರಿದುಕೊಂಡವರು ಆಗ ಸುತ್ತ ಹಳ್ಳಿಗಳಲ್ಲಿ ಇದ್ದರು. ಅದಕ್ಕಾಗಿ ಕಾಕಾ ಒಂದು ತಂತಿ ಮತ್ತು ಚಿಕ್ಕ ಹಿಡಿಕೆ ಕೂಡಿಸಿ, ಚಾಲೂ ಮಾಡುವಾಗಷ್ಟೇ ಕಿಡಿ ತುಸು ತಡವಾಗಿ ಹತ್ತುವಂತೆ ಮಾಡಿದರು. "ಕೆಳಗ ಒತ್ತಬ್ಯಾಡ, ಮ್ಯಾಲ ಜಗ್ಗು. ಹೆಬ್ಬೆರಳು ಉಳಿದ ಬೆರಳಿನ ಕೂಡ ಒಂದ ಕಡೆ ಇರ್ಲಿ" ಎಂದು ಇಪ್ಪತ್ತು ಸಲ ಹೇಳಿಸಿ, ಇಪ್ಪತ್ತು ಸಲ ಮಾಡಿಸಿದರು.

ಐದನೆಯ ದಿನ ಬೆಳಗ್ಗೆ ಅಂಗಳದಲ್ಲಿ ಪರೀಕ್ಷೆ. ಎಂಜಿನ್ ಮೂರನೆಯ ಎಳೆತಕ್ಕೆ ಹತ್ತಿತು. ನಾನು ಸೀಟಿನ ಮೇಲೇರಿ, ಕ್ಲಚ್ಚು ಒತ್ತಿ, ಗೇರು ಹಾಕಿ, ಕಾಲು ಮೆಲ್ಲಗೆ ಬಿಟ್ಟೆ. ಗಾಡಿ ಮುಂದೆ ಹೋಯಿತು. ನನ್ನ ಖುಷಿ ಹೇಳತೀರದು. ಅತ್ತೆ ಎಲ್ಲಿದ್ದಾರೆಂದು ನೋಡಲು ಬಲಕ್ಕೆ ವಾಲಿದೆ. ಅಷ್ಟರಲ್ಲಿ ಯಾರೋ ನನ್ನ ಹೆಗಲು ಹಿಡಿದು ಜಗ್ಗಿದಂತಾಯಿತು. ಸೆರಗು ಜಾರಿ, ಪಕ್ಕದಲ್ಲಿ ಗಿರಗಿರ ತಿರುಗುತ್ತಿದ್ದ, ಪಂಪು ನಡೆಸಲು ಬೆಲ್ಟಿನ ಪಟ್ಟಾ ಹಾಕುವ ಚಕ್ರಕ್ಕೆ ಸಿಕ್ಕಿತ್ತು. ಸೀರೆ ಕೊರಳು ಬಿಗಿಯುತ್ತ ನನ್ನನ್ನು ಕೆಳಗೆ ಎಳೆಯತೊಡಗಿತು. ಕೂಗಲೂ ಆಗಲಿಲ್ಲ. ಜೊತೆಗೇ ನಡೆಯುತ್ತಿದ್ದ ಕಾಕಾ ಹಾರಿ ಬಂದು ಎಂಜಿನ್ ಬಂದ್ ಮಾಡಿದರು. ಅತ್ತೆ ಓಡಿಬಂದು ಕುಡುಗೋಲಿನಿಂದ ಸೆರಗು ಕತ್ತರಿಸಿದರು.

ನನ್ನ ಕೊರಳಿಗೆ ಕೆಂಪು ಬರೆ ಬಿದ್ದಿತ್ತು, ಬೇರೇನೂ ಆಗಿರಲಿಲ್ಲ. ಆದರೆ ಕಾಕಾ ಕಟ್ಟೆಯ ಮೇಲೆ ಕುಳಿತು ಎರಡೂ ಕೈಯಿಂದ ತಲೆ ಹಿಡಿದುಕೊಂಡರು.

"ನಂದ ತಪ್ಪಾತು ಅವ್ವಾರ. ಮಷಿನ್ ನೋಡಿದೆ, ಕಾಲು ನೋಡಿದೆ. ಸೀರಿ ನೋಡಲಿಲ್ಲ."

ಒಳಗಿನಿಂದ ಯಜಮಾನರು, "ಸಾಕು, ಇನ್ನ ಬ್ಯಾಡ! ಹೊಲಾ ಬೀಳು ಬಿದ್ರ ಬೀಳಲಿ!" ಎಂದು ಕೂಗುತ್ತಿದ್ದರು. ಅತ್ತೆ ಮನೆಯೊಳಗೆ ಹೋಗಿ, ತಮ್ಮ ತವರಿನಿಂದ ತಂದಿದ್ದ ಹಸಿರು ಬಣ್ಣದ ಟ್ರಂಕನ್ನು ಎಳೆದು ತಂದು ಕಾಕಾ ಮುಂದೆ ಇಟ್ಟರು. ಮುಚ್ಚಳದ ಮೇಲೆ ಎರಡು ಗಿಳಿಗಳ ಚಿತ್ರವಿತ್ತು.

"ತಗಡು ಗಟ್ಟಿ ಐತಿ ನೋಡ್ರಿ. ಆ ಚಕ್ರ ಮುಚ್ಚಾಕ ಸಾಕಾಗತೈತೇನು?"

"ಅವ್ವಾರ, ಟ್ರಂಕ್ ಹಾಳ ಮಾಡಬ್ಯಾಡ್ರಿ. ನಾ ಹುಬ್ಬಳ್ಳಿಂದ ತರತೇನಿ."

"ನೀವು ಹೋಗಿ ಬರೂದ್ರಾಗ ಈಕಿಗೆ ಅಂಜಿಕಿ ಒಳಗ ಕೂತಬಿಡತೈತಿ. ಇವತ್ತ ಮಾಡ್ರಿ, ಇವತ್ತ ಹತ್ತಲಿ."

ಅವರ ಮಾತು ನಿಜವಾಗಿತ್ತು. ಕಾಕಾ ಚಕ್ರವನ್ನೇ ಬಿಚ್ಚಿ ತೆಗೆದರು. ಅದರ ದಂಡಕ್ಕೆ ಟ್ರಂಕಿನ ಮುಚ್ಚಳ ಬಗ್ಗಿಸಿ ಹೊದಿಕೆ ಮಾಡಿದರು. ಅತ್ತೆ ನನಗೆ ಕಚ್ಚೆ ಹಾಕಿ ಸೀರೆ ಉಡಿಸಿ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸುತ್ತಿ ಗಂಟು ಹಾಕಿದರು. ಸಂಜೆಯಾಗುವ ಮುಂಚೆ ನಾನು ಅಂಗಳದಲ್ಲಿ ಏಳು ಸುತ್ತು ಹಾಕಿದೆ. ಮೊದಲೆರಡು ಸುತ್ತಿನಲ್ಲಿ ಸೆರಗಿನ ಗಂಟು ಮುಟ್ಟಿ ಮುಟ್ಟಿ ನೋಡಿಕೊಂಡೆ. ಆಮೇಲೆ ಮುಟ್ಟಲಿಲ್ಲ.

ಆ ಬೇಸಿಗೆಯಲ್ಲಿ ನಾನು ಹೊಲ ಉತ್ತು ಹರಗಿದೆ. ಯಜಮಾನರನ್ನು ಹೊರಸಿನ ಸಮೇತ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ತಂದು ಬೇವಿನ ಮರದ ಕೆಳಗೆ ಇಡುತ್ತಿದ್ದೆವು. ಆದರೆ ಅವರು ಮಾತು ಬಿಟ್ಟಿದ್ದರು. ನನ್ನ ಸಾಲು ಸೊಟ್ಟಗಾದರೂ ಏನೂ ಅನ್ನುತ್ತಿರಲಿಲ್ಲ. ಅವರ ಗಾಡಿಯ ಮೇಲೆ ನಾನು ಕುಳಿತದ್ದು, ಅದನ್ನು ಅವರ ಕಾಲಿಗೆ ಒಗ್ಗದಂತೆ ಬದಲಿಸಿದ್ದು ಅವರಿಗೆ ನೋವಾಗಿತ್ತೆಂದು ನನಗೆ ಗೊತ್ತಿತ್ತು.

ಆ ಮೌನ ಮುರಿದದ್ದು ಮಳೆ. ಮೊದಲ ಮಳೆ ಬಿದ್ದ ಮೇಲೆ ನಮ್ಮ ಎರೆಹೊಲದಲ್ಲಿ ಟ್ರ್ಯಾಕ್ಟರ್ ಹೂತುಕೊಂಡಿತು. ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿ, ಕಪ್ಪು ಮಣ್ಣನ್ನು ಬೆಣ್ಣೆಯಂತೆ ಮೆತ್ತಿಕೊಂಡು ಅಚ್ಚಿನವರೆಗೆ ಇಳಿದವು. ಹೊರಗೆಳೆಯಲು ಪಕ್ಕದ ಹೊಲದವರ ಆರು ಎತ್ತು ಬೇಕಾದವು. ಮೈಯೆಲ್ಲ ಕೆಸರಾಗಿ ಮನೆಗೆ ಬಂದು ಕುಳಿತ ನನ್ನನ್ನು ಯಜಮಾನರು ಬಹಳ ಹೊತ್ತು ನೋಡಿದರು.

"ಆ ಕ್ಯಾಲೆಂಡರ್ ತಗೊಂಬಾ. ಪೆನ್ಸಿಲ್ ಎಲ್ಲೈತಿ?"

ಕ್ಯಾಲೆಂಡರಿನ ಹಿಂಬದಿಯಲ್ಲಿ, ಮಲಗಿಕೊಂಡೇ ಅವರು ಗಾಲಿಯ ಚಿತ್ರ ತೆಗೆದರು. ಗಾಲಿಗೆ ಅಡ್ಡಡ್ಡ ಕಬ್ಬಿಣದ ಪಟ್ಟಿಗಳು. ಪಟ್ಟಿಯಿಂದ ಪಟ್ಟಿಗೆ ಬಾವಿಯ ಸರಪಳಿ. ಹೊಲಕ್ಕೆ ಇಳಿಯುವಾಗ ಸುತ್ತಿ ಕಟ್ಟುವುದು, ರಸ್ತೆಗೆ ಬರುವಾಗ ಬಿಚ್ಚಿಡುವುದು. ನಮ್ಮೂರ ಕಮ್ಮಾರರು ಅದನ್ನು ನೋಡಿಕೊಂಡೇ ಮೂರು ದಿನದಲ್ಲಿ ಮಾಡಿಕೊಟ್ಟರು. ನಾಲ್ಕನೆಯ ದಿನ ಅದೇ ಹಸಿ ನೆಲದಲ್ಲಿ ಗಾಡಿ ಇಳಿಸಿದೆ. ಪಟ್ಟಿಗಳು ಮಣ್ಣು ಕಚ್ಚಿ ಹಿಡಿದು, ಟ್ರ್ಯಾಕ್ಟರ್ ಆ ತುದಿಯವರೆಗೆ ನಿಲ್ಲದೆ ಹೋಯಿತು. ಬೇವಿನ ಮರದ ಕೆಳಗಿಂದ ಒಂದು ತಿಂಗಳ ಮೇಲೆ ಮೊದಲ ಸಲ ಅವರ ಕೂಗು ಕೇಳಿಸಿತು:

"ಸಾಲು ಸೊಟ್ಟ ಆಗಾಕತ್ತೈತಿ! ಮುಂದ ನೋಡ, ಮುಂದ! ಹಿಂದ ಏನ್ ನೋಡತೀ!"

ಬೈಗುಳ ಕೇಳಿ ಇಷ್ಟು ಸಂತೋಷಪಟ್ಟ ಹೆಂಡತಿ ಆ ಸೀಮೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ಅವರ ಎಡಗಾಲು ಎರಡು ಬೆರಳು ಗಿಡ್ಡವಾಗಿತ್ತು, ಮೊಣಕಾಲು ಪೂರ್ತಿ ಮಡಚುತ್ತಿರಲಿಲ್ಲ. ಕ್ಲಚ್ಚು ಒತ್ತುವುದು ಸಾಧ್ಯವಿರಲಿಲ್ಲ. ಆದರೆ ಅಷ್ಟರಲ್ಲಿ ಅವರು ಕ್ಯಾಲೆಂಡರಿನ ಎಲ್ಲ ಹಾಳೆಗಳನ್ನೂ ತುಂಬಿಸಿದ್ದರು. ಶೇಂಗಾ ಬಿತ್ತುವ ಕೂರಿಗೆಯನ್ನು ಟ್ರ್ಯಾಕ್ಟರಿಗೆ ಹೊಂದಿಸಿದರು. ಬಿಸಿಲಿಗೆ ಸೀಟಿನ ಮೇಲೆ ಒಂದು ಗೋಣಿತಟ್ಟಿನ ಚಪ್ಪರ ಕಟ್ಟಿಸಿದರು. ನೇಗಿಲು ನೆಲ ಕಚ್ಚಿದಾಗ ಮುಂದಿನ ಗಾಲಿಗಳು ಮೇಲೇಳುತ್ತವೆಂದು, ಮುರಿದ ಬೀಸುಕಲ್ಲನ್ನು ಗಾಡಿಯ ಮೂತಿಗೆ ಬಿಗಿದರು. ಸುತ್ತಲಿನ ಹಳ್ಳಿಗಳಲ್ಲಿ ಒಂದೊಂದೇ ಟ್ರ್ಯಾಕ್ಟರ್ ಬರತೊಡಗಿದ ಮೇಲೆ ಜನ ಅವರನ್ನು ಹುಡುಕಿಕೊಂಡು ಬರಲಾರಂಭಿಸಿದರು. ನಮ್ಮ ಖಾಲಿ ಕೊಟ್ಟಿಗೆ ಕಾರ್ಖಾನೆಯಾಯಿತು. ಹೊಲ ನನ್ನ ಪಾಲಿಗೆ ಬಂತು. ಹೀಗೆ ಹಂಚಿಕೊಳ್ಳೋಣವೆಂದು ನಾವು ಕುಳಿತು ಮಾತಾಡಿದ್ದೇ ಇಲ್ಲ.

ಏಳೆಂಟು ವರ್ಷ ಕಳೆದಿರಬೇಕು. ಫಿಟರ್ ಕಾಕಾಗೆ ಮೈಯಲ್ಲಿ ಸರಿಯಿಲ್ಲ, ಹಾಸಿಗೆ ಹಿಡಿದಿದ್ದಾರೆ ಎಂದು ಸುದ್ದಿ ಬಂತು. ಬಸ್ಸಿಗೆ ಹೋಗೋಣವೆಂದು ಯಜಮಾನರು ಅಂದರೆ ಅತ್ತೆ ಒಪ್ಪಲಿಲ್ಲ. "ಅವರು ಮಾಡಿಕೊಟ್ಟ ಗಾಡ್ಯಾಗ ಹೋಗೂಣು." ಟ್ರೇಲರಿನಲ್ಲಿ ಹುಲ್ಲು ಹಾಸಿ ಅವರಿಬ್ಬರನ್ನು ಕೂಡಿಸಿಕೊಂಡು, ಜೋಳದ ಚೀಲ, ಒಂದು ಗಡಿಗೆ ಮೊಸರು ಇಟ್ಟುಕೊಂಡು ಮುಂಜಾನೆ ಹೊರಟೆ. ಧಾರವಾಡ ದಾಟಿ, ಉಣಕಲ್ ಕೆರೆಯ ಏರಿ ಹಾಯ್ದು ಬೆಂಗೇರಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಸೈಕಲ್ ಮೇಲಿನವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ಅತ್ತೆ ಹಿಂದಿನಿಂದ ಅವರಿಗೆ ಕೇಳುವಂತೆ, "ನನ್ನ ಸೊಸಿ" ಎನ್ನುತ್ತಿದ್ದರು.

ಕಾಕಾ ತುಂಬಾ ಇಳಿದುಹೋಗಿದ್ದರು. ಗೋಡೆ ಹಿಡಿದು ಹೊರಗೆ ಬಂದು, ನಮ್ಮ ಮುಖ ಕೂಡ ನೋಡದೆ ಎಂಜಿನ್ನಿಗೆ ಕಿವಿಗೊಟ್ಟು ನಿಂತರು. ನಾನು ದಾರಿಯುದ್ದಕ್ಕೂ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತನ್ನು "ಕಾಕಾ, ನೀವು ಇರಲಿಲ್ಲಂದ್ರ ನಾವು..." ಎಂದು ಶುರು ಮಾಡಿದೆ.

"ಅದಿರ್ಲಿ ತಂಗಿ. ಎರಡನೇ ವಾಲ್ವ್ ಸಪ್ಪಳ ಮಾಡಾಕತ್ತೈತಿ. ನಿನಗ ಕೇಳಸಂಗಿಲ್ಲೇನು? ಬಂದ್ ಮಾಡು, ಆರಲಿ. ಅಲ್ಲೀತನಾ ಊಟಾ ಮಾಡೂಣು."

ಊಟವಾದ ಮೇಲೆ ಅವರನ್ನು ಸ್ಟೂಲಿನ ಮೇಲೆ ಕೂಡಿಸಿದೆವು. ಯಜಮಾನರು ಬೋಲ್ಟು ತಿರುವುವ ಪಾನಾ ಕೊಟ್ಟರು. ಕಾಕಾರ ಕೈ ಬಹಳ ನಡುಗುತ್ತಿತ್ತು, ಪಾನಾ ಬೋಲ್ಟಿನ ಮೇಲೆ ಕೂತಾಗ ಮಾತ್ರ ನಿಲ್ಲುತ್ತಿತ್ತು. "ಹ್ಯಾಂಡಲ್ ತಿರುವು, ಮೆಲ್ಲಕ... ಸಾಕು... ಇನ್ನ ಅರ್ಧಾ" ಅನ್ನುತ್ತಿದ್ದರು, ನಾನು ತಿರುವುತ್ತಿದ್ದೆ. ಅತ್ತೆ ಬೀಸಣಿಗೆ ಹಿಡಿದು ಅವರಿಗೆ ಗಾಳಿ ಹಾಕುತ್ತ ನಿಂತಿದ್ದರು. ಮುಗಿದ ಮೇಲೆ ಎಂಜಿನ್ ಹಚ್ಚಿದೆ. ಸಪ್ಪಳ ಹೋಗಿತ್ತು. ಕಾಕಾ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು, ತಲೆಯಾಡಿಸಿದರು, ಕೈ ಒರೆಸಿಕೊಳ್ಳಲು ಬಟ್ಟೆ ಕೇಳಿದರು.