ಟಿವಿಗೆ ಸೇರಿದ ಹುಡುಗ
ಆಕ್ಲೆಂಡಿನ ನಮ್ಮ ಸಮೋವಾ ಕೇರಿಯ ತಾನಿಯೆಲು ಪತ್ರಿಕೋದ್ಯಮದ ಪದವಿ ಮುಗಿಸಿದ ಮೇಲೆ ಸಂಜೆಯಾದರೆ ಮನೆಯಲ್ಲಿ ನಿಲ್ಲುವುದಿಲ್ಲ. ಬಿಟ್ಟಿ ಸಿನಿಮಾ, ಚಿತ್ರಶಾಲೆ, ಬಂದರುಕಟ್ಟೆ, ಎಲ್ಲಿ ನೋಡಿದರೂ ಅವನೇ. ಯಾವ ಸಾಕ್ಷ್ಯಚಿತ್ರದ ಮಾತೆತ್ತಿದರೂ "ಎಡಿಟಿಂಗ್ ಕೆಟ್ಟದಾಗಿದೆ ಕಣೋ" ಎನ್ನುತ್ತಾನೆ. "ಕೆಲಸ ಏನಾಯ್ತಪ್ಪಾ?" ಎಂದರೆ "ಹೊಸ ಪಾಡ್‌ಕಾಸ್ಟ್ ಕೇಳಿದ್ಯಾ?" ಎಂದು ಜಾರಿಕೊಳ್ಳುತ್ತಾನೆ. ಟಿವಿ ವಾಹಿನಿಯವರಿಗೆ ನಮ್ಮವರ ಮುಖ ಹಬ್ಬದ ಕುಣಿತಕ್ಕಷ್ಟೇ ಬೇಕು. ಕೆಲಸ ಕೇಳಲು ಹೋದ ಅವನನ್ನು ಬಾಗಿಲಿಂದಲೇ ಕಳಿಸಿದರು. ಆದರೆ ಪದವಿ ಬಂದ ಭಾನುವಾರವೇ ಪಾದ್ರಿಗಳು ಇಗರ್ಜಿಯಲ್ಲಿ "ನಮ್ಮ ಹುಡುಗ ಟಿವಿಗೆ ಸೇರಿದ!" ಎಂದು ಸಾರಿಬಿಟ್ಟಿದ್ದರು. ಸಭೆ ಚಪ್ಪಾಳೆ ತಟ್ಟಿದ ಮೇಲೆ ಪಾದ್ರಿಗಳ ಮಾತನ್ನು ಅಲ್ಲಗಳೆಯುವ ರೂಢಿ ನಮ್ಮಲ್ಲಿಲ್ಲ. ಅಂದಿನಿಂದ ದಿನಾ ಸಂಜೆ ಅವನು ಹೊಸ್ತಿಲು ದಾಟಿ ಹೊರಟೊಡನೆ ಅವನಜ್ಜಿ ಇಗರ್ಜಿಯ ಬಿಳಿ ಉಡುಪು ತೊಟ್ಟು ಸುದ್ದಿಯಲ್ಲಿ ಅವನನ್ನು ನೋಡಲು ಟಿವಿ ಮುಂದೆ ಕೂರುತ್ತಾಳೆ. ಸುದ್ದಿ ಮುಗಿದಾಗ ನಮ್ಮ ಕಡೆ ತಿರುಗಿ ಹೆಮ್ಮೆಯಿಂದ ಹೇಳುತ್ತಾಳೆ: "ನನ್ನ ಮೊಮ್ಮಗಂದು ದೊಡ್ಡ ಮನಸ್ಸು ಕಣ್ರೋ, ಇವತ್ತೂ ತನ್ನ ಸರದಿ ಬೇರೆಯವರಿಗೆ ಬಿಟ್ಟುಕೊಟ್ಟಿದಾನೆ."