ಕಂಬಳಿಯ ಮೇಲಿನ ಅಳತೆ

2019ರ ಫೆಬ್ರುವರಿಯ ಒಂದು ಸೋಮವಾರ, ಹೊಸದುರ್ಗದಿಂದ ಬಾಗೂರಿಗೆ ಹೋಗುವ ದಾರಿಯಲ್ಲಿ ನನ್ನ ಅಕ್ಕ ಸ್ಕೂಟರ್ ನಿಲ್ಲಿಸಿ, ಹುಣಸೆಮರಕ್ಕೆ ಒರಗಿ ಅರ್ಧ ಗಂಟೆ ನಿಂತಿದ್ದಳು. ಬಿದ್ದಿರಲಿಲ್ಲ, ಗಾಡಿಯೂ ಕೆಟ್ಟಿರಲಿಲ್ಲ. ಬೆನ್ನು ಹಿಡಿದುಕೊಂಡಿತ್ತು.

ಅಕ್ಕ ಆ ಭಾಗದ ಹಳ್ಳಿಗಳಿಗೆ ಲಸಿಕೆ ಹಾಕಲು ಹೋಗುವ ನರ್ಸ್. ಹದಿನಾಲ್ಕು ವರ್ಷದಿಂದ ಅದೇ ದಾರಿ, ಹಿಂದಿನ ಸೀಟಿಗೆ ಬಿಗಿದ ಅದೇ ಲಸಿಕೆ ಡಬ್ಬಿ. ಡಾಕ್ಟರು ಸುತ್ತಿಬಳಸದೆ ಹೇಳಿದರು: ಸ್ಕೂಟರಿನ ಸಣ್ಣ ಚಕ್ರ ಈ ರಸ್ತೆಗಲ್ಲ, ಗಾಡಿ ಬದಲಾಯಿಸಿ, ಇಲ್ಲದಿದ್ದರೆ ತಾಲ್ಲೂಕು ಕೇಂದ್ರದಲ್ಲಿ ಕುಳಿತು ಮಾಡುವ ಕೆಲಸ ಕೇಳಿಕೊಳ್ಳಿ. ವರ್ಗಾವಣೆ ಅರ್ಜಿ ಕೊಡಲು ಮಾರ್ಚ್ ಕೊನೆಯವರೆಗೆ ಸಮಯವಿತ್ತು. ಅಕ್ಕ ಅರ್ಜಿ ತುಂಬಿದಳು, ಸಹಿ ಹಾಕಲಿಲ್ಲ.

ಅಪ್ಪನ ಬೈಕಿನಲ್ಲೇ ಗಾಡಿ ಕಲಿತವಳು ಅವಳು. ನೆಟ್ಟಗೆ ಕುಳಿತು, ಕಾಲು ಮುಂದೆ ಚಾಚಿ ಓಡಿಸುವ ಕ್ರೂಸರ್ ಬೈಕ್ ನೋಡೋಣ ಎಂದಳು. ಅವಳ ಎತ್ತರ ಐದು ಅಡಿ ಎರಡು ಇಂಚು. ಷರತ್ತು ಎರಡೇ. ದಿನಾ ಹಾಕುವ ಚಪ್ಪಲಿಯಲ್ಲೇ ಎರಡೂ ಹಿಮ್ಮಡಿ ನೆಲಕ್ಕೆ ಊರಬೇಕು. ಜಲ್ಲಿಯಲ್ಲಿ ತುದಿಗಾಲ ಮೇಲೆ ಅಷ್ಟು ಭಾರದ ಗಾಡಿ ಹಿಡಿಯಲಾಗುವುದಿಲ್ಲ. ಇನ್ನೊಂದು, ಹಂಪ್ ದಾಟುವಾಗ ಏಟು ಬೆನ್ನಿಗೆ ಬರಬಾರದು.

ಆಗ ನಾನು ಚಿತ್ರದುರ್ಗದಲ್ಲಿ ಪತ್ರಿಕೆಯೊಂದರ ವರದಿಗಾರ. ಅಳೆಯುವ, ಬರೆದಿಡುವ ಕೆಲಸ ನನಗೆ ಬಂತು. ಟೇಪು ಮತ್ತು ನೋಟ್‌ಬುಕ್ ಜೇಬಿನಲ್ಲಿಟ್ಟುಕೊಂಡು ಹೊರಟೆ.

ಚಿತ್ರದುರ್ಗದ ಷೋರೂಮಿನಲ್ಲಿ ಕಪ್ಪು ಗಾಡಿ ಇತ್ತು. ಸೀಟಿನ ಎತ್ತರ ಇಪ್ಪತ್ತೆಂಟೂವರೆ ಇಂಚು. ಅಕ್ಕನ ಹಿಮ್ಮಡಿ ಸಲೀಸಾಗಿ ಊರಿತು. ಹಿಂದಿನ ಸೀಟಿಗೆ ಖಾಲಿ ಲಸಿಕೆ ಡಬ್ಬಿ ಕಟ್ಟಿ, ಅದರೊಳಗೆ ತುಂಬಿದ ನೀರಿನ ಲೋಟ ಇಟ್ಟಳು. ಇದು ಅವಳದೇ ಉಪಾಯ. ಒಂದು ಹಂಪ್ ದಾಟಿ ಬಂದಾಗ ಲೋಟ ಅರ್ಧ ಖಾಲಿ.

"ಸೀಟು ತಗ್ಗಿಸೋಕೆ ಸ್ಪ್ರಿಂಗೇ ಗಿಡ್ಡ ಮಾಡ್ಯಾರೆ," ಎಂದಳು. "ಕಾಲಿಗೆ ಸುಖ, ಬೆನ್ನಿಗೆ ಗುದ್ದು."

ಇದು ನನಗೆ ಹೊಸ ವಿಷಯ. ಸೀಟು ಕೆಳಗಿಳಿದಷ್ಟೂ ಚಕ್ರ ಮೇಲೆದ್ದು ಇಳಿಯಲು ಜಾಗ ಕಡಿಮೆ. ನೋಡಲು ಒಂದೇ ತರಹದ ಗಾಡಿಗಳು ಇಲ್ಲಿ ಬೇರೆಯಾಗುತ್ತವೆ.

ಹಿರಿಯೂರಿನಲ್ಲಿ ಒಬ್ಬ ಮೇಷ್ಟರ ಕೆಂಪು ಗಾಡಿ ಮಾರಾಟಕ್ಕಿತ್ತು. ಮೂವತ್ತೂವರೆ ಇಂಚು. ಲೋಟದಲ್ಲಿ ಎರಡು ಬೆರಳಷ್ಟೇ ನೀರು ಇಳಿದಿತ್ತು, ಆದರೆ ಅಕ್ಕನ ಬರೀ ತುದಿಗಾಲು ನೆಲ ಮುಟ್ಟಿತು. ಎರಡು ಊರಿನ ಹಂಪ್ ಒಂದೇ ಎತ್ತರದವಲ್ಲ ಎಂದೂ ಬರೆದುಕೊಂಡೆ.

ಮೂರನೆಯದು ಹೊಳಲ್ಕೆರೆಯಲ್ಲಿ ಕುರಿ ವ್ಯಾಪಾರಿಯೊಬ್ಬರದು, ಬೂದು ಬಣ್ಣದ್ದು. ಕುರಿ ಸಾಗಿಸಲು ಪಿಕಪ್ ಕೊಂಡಿದ್ದರಿಂದ ಬೈಕ್ ಮಾರುತ್ತಿದ್ದರು. ಅಲ್ಲಿಗೆ ನಾನೊಬ್ಬನೇ ಹೋದೆ. ಅವರು ಕುರಿ ತರಲು ಹೊರಗೆ ಹೋಗಿದ್ದರು, ಗಾಡಿ ಮನೆ ಮುಂದಿತ್ತು. ನೆಟ್ಟಗೆ ನಿಲ್ಲಿಸಿ ಅಳೆದೆ. ಮೂವತ್ತೊಂದು ಇಂಚು. ಹೊಸದುರ್ಗಕ್ಕೆ ಹೋಗಿ ಲೆಕ್ಕ ಹೇಳಿದೆ. ಅಕ್ಕ ಕೂತು ನೋಡುವ ಮಾತೇ ಇಲ್ಲವೆಂದು ಅದನ್ನು ಕೈಬಿಟ್ಟಳು.

ಮಾರ್ಚ್ ಕೊನೆಯ ವಾರ ಅಕ್ಕ ಅರ್ಜಿಯನ್ನು ಮೇಜಿನ ಮೇಲಿಟ್ಟು ಪೆನ್ನು ಹುಡುಕುತ್ತಿದ್ದಳು. ನಾನು ನೋಟ್‌ಬುಕ್ಕಿನ ಮೂರೂ ಪುಟಗಳನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದೆ. ಕಚೇರಿಗೆ ಸುದ್ದಿ ಕಳಿಸುವ ಮುಂಚೆ ಅಂಕಿಗಳನ್ನು ಹಾಗೆ ಓದುವುದು ರೂಢಿ. ಮೂರನೆಯ ಪುಟದಲ್ಲಿ ಹೀಗಿತ್ತು: ಬೂದು ಬಣ್ಣ, ಎಡಗನ್ನಡಿ ಇಲ್ಲ, ಸೀಟಿಗೆ ಕಂಬಳಿ ಕಟ್ಟಿದೆ, ಮೂವತ್ತೊಂದು ಇಂಚು.

"ನಿಲ್ಸು," ಎಂದಳು ಅಕ್ಕ. "ಕಂಬಳಿ ಮೇಲೇ ಟೇಪು ಇಟ್ಯಾ?"

"ಹೌದು."

"ಎಷ್ಟು ಮಡಿಕೆ?"

ಎಣಿಸಿರಲಿಲ್ಲ.

"ಲೇ, ನಿಮ್ ಪೇಪರ್‌ನಾಗೂ ಹಿಂಗೇ ಬರೀತೀರೇನೋ? ಕೆರೆ ನೀರು ಅಳೀರಿ ಅಂದ್ರೆ ದಡದ್ ಮೇಲಿರೋ ಎಮ್ಮೆನೂ ಸೇರಿಸಿ ಅಳೀತೀರ?"

ನಮ್ಮ ಕಡೆ ಬೇರೆಯವರ ಕಂಬಳಿಯನ್ನು ಕೇಳದೆ ಎತ್ತುವುದಿಲ್ಲ. ದೇವರಿಗೆ ಗದ್ದುಗೆ ಹಾಸುವುದೂ ಅದನ್ನೇ. ಹಾಗಾಗಿ ನಾನು ಮುಟ್ಟಿರಲಿಲ್ಲ. ಮುಟ್ಟದ್ದನ್ನು ಅಳತೆಯಿಂದ ಕಳೆಯಬೇಕು ಎಂಬುದು ಮಾತ್ರ ಹೊಳೆದಿರಲಿಲ್ಲ.

ಮರುದಿನ ಇಬ್ಬರೂ ಹೊಳಲ್ಕೆರೆ ಬಸ್ಸು ಹತ್ತಿದೆವು. ವ್ಯಾಪಾರಿ ಮನೆಯಲ್ಲಿದ್ದರು. ವಿಷಯ ಕೇಳಿ ನಕ್ಕರು. ತಾವೇ ಹಗ್ಗ ಬಿಚ್ಚಿ, ಕಂಬಳಿ ಕೊಡವಿ, ನೆಲಕ್ಕಿಡದೆ ಹೆಗಲ ಮೇಲೆ ಹಾಕಿಕೊಂಡರು. ನಾಲ್ಕು ಮಡಿಕೆ. ಬರೀ ಸೀಟು ಇಪ್ಪತ್ತೊಂಬತ್ತೂವರೆ ಇಂಚು.

"ಇನ್ನೂ ಒಂದಿಂಚು ಜಾಸ್ತಿನೇ ಐತೆ," ಎಂದೆ, ಕಪ್ಪು ಗಾಡಿಯನ್ನು ನೆನೆದು.

"ಏನಪ್ಪ, ಖಾಲಿ ಗಾಡಿ ಅಳೆದ್ರೆ ಏನ್ ಗೊತ್ತಾತದೆ?" ಎಂದರು ಅವರು. ಅಕ್ಕನ ಕಡೆ ತಿರುಗಿ, "ಕುಂತ್ಕಳ್ರಿ ನರ್ಸಮ್ಮಾರೆ. ನೀವು ಕುಂತ್ರೆ ಗಾಡಿನೂ ಕುಂತ್ಕಳ್ತೈತೆ."

ಅಕ್ಕ ಕುಳಿತಳು. ಹಿಂದಿನ ಸ್ಪ್ರಿಂಗು ಮೆಲ್ಲಗೆ ಇಳಿಯಿತು. ನಾನು ಸೀಟಿನ ಅಂಚಿಗೆ ಮತ್ತೆ ಟೇಪು ಹಿಡಿದೆ. ಒಂದಿಂಚು ಕೆಳಗೆ. ಎರಡೂ ಹಿಮ್ಮಡಿ ಅಂಗಳದ ಮಣ್ಣಿನಲ್ಲಿ ಊರಿದ್ದವು. ಕಂಪನಿಯವರು ಕಾಗದದಲ್ಲಿ ಬರೆಯುವುದು ಸಾಮಾನ್ಯವಾಗಿ ನಿಂತ ಗಾಡಿಯ ಎತ್ತರ. ಸವಾರನಿಗೆ ಬೇಕಾದದ್ದು ಕುಂತ ಗಾಡಿಯದು. ಕಪ್ಪು ಗಾಡಿಯ ಮೇಲೆ ಅಕ್ಕ ಕುಳಿತಾಗ ಅದು ಅಲ್ಲಾಡಿಯೂ ಇರಲಿಲ್ಲ ಎಂದು ಆಗ ನೆನಪಾಯಿತು.

ಡಬ್ಬಿ ಕಟ್ಟಿದೆವು, ಲೋಟ ಇಟ್ಟೆವು. ವ್ಯಾಪಾರಿ ಬಗ್ಗಿ ನೋಡಿ, "ಇದೇನ್ ಗಾಡಿಗೂ ನೀರು ಕುಡುಸ್ತೀರಾ?" ಎಂದರು. ಅಕ್ಕ ಎರಡು ಹಂಪ್ ದಾಟಿ ಬಂದಳು. ಒಂದು ಬೆರಳಷ್ಟು ಚೆಲ್ಲಿತ್ತು. ಅವಳು ಇಳಿಯದೆ, ಎಂಜಿನ್ ಆರಿಸದೆ ಹೇಳಿದಳು: "ನೀನು ಬಸ್ಸಿಗೆ ಬಾ."

ಅರ್ಜಿ ಕೊಡುವ ದಿನ ದಾಟಿತು. ಸಹಿಯಿಲ್ಲದ ಆ ಹಾಳೆ ಅಕ್ಕನ ಬೀರುವಿನಲ್ಲಿದೆ. ಮೂರು ತಿಂಗಳ ನಂತರ ವ್ಯಾಪಾರಿ ಒಂದು ಹಳೆ ಕಂಬಳಿ ಕೊಟ್ಟುಹೋದರು. ಅಕ್ಕ ಅದನ್ನು ಸೀಟಿಗೆ ಕಟ್ಟಿ, ಚಪ್ಪಲಿ ಹಾಕಿ ಕುಳಿತು ಹಿಮ್ಮಡಿ ಊರಿ ನೋಡಿ, ಬಿಚ್ಚಿ, ಮಡಿಕೆ ಕಡಿಮೆ ಮಾಡಿ ಮತ್ತೆ ಕಟ್ಟಿದಳು.

ಕಳೆದ ಸೋಮವಾರ ಅವಳು ಬಾಗೂರಿನ ಕಡೆ ಹೋಗಿಬಂದಳು. ಕಂಬಳಿ ಈಗ ಒಂದೇ ಮಡಿಕೆ.