ಪಿನಾಂಗಿನ ಅತ್ತೆ

ಅತ್ತೆಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒತ್ತೊತ್ತಾಗಿ ಕೆಲವು ಕಪ್ಪು ಚುಕ್ಕೆಗಳಿದ್ದವು. ಹಚ್ಚೆಯಿರಬೇಕು ಅಂದುಕೊಂಡು ಕೇಳಿದವರಿಗೆ ಅವಳು ನಗುತ್ತ, "ಹಚ್ಚೆ ಅಲ್ಲಮ್ಮ, ಹಣ್ಣು ಚುಚ್ಚಿದ್ದು," ಎನ್ನುತ್ತಿದ್ದಳು. ಅವಳಿದ್ದ ದ್ವೀಪದಲ್ಲಿ ಹಲಸಿನ ತಮ್ಮನಂಥ ಒಂದು ಹಣ್ಣಿತ್ತಂತೆ. ಮೈಯೆಲ್ಲ ಮೊಳೆಯಂಥ ಮುಳ್ಳು. ನಾತ ಬೀದಿಯ ಕೊನೆಯವರೆಗೂ ಹೊಡೆಯುತ್ತದೆ. ಒಳಗಿನ ತೊಳೆ ಮಾತ್ರ ಹಾಲಿನ ಕೆನೆಯ ಹಾಗೆ. ಗಂಡ ಬೇಡವೆಂದರೂ ಕೇಳದೆ ಬರಿಗೈಯಲ್ಲಿ ಬಿಚ್ಚಲು ಹೋಗಿ ಚುಚ್ಚಿಸಿಕೊಂಡಿದ್ದಳು. "ಅವ್ರು ಗಾಯಕ್ಕೆ ಬಟ್ಟೆ ಕಟ್ಟೋದು ಬಿಟ್ಟು ನಗ್ತಾ ಕೂತ್ರು ಕಣೇ. ಆಮೇಲೆ ತಾವೇ ತೊಳೆ ಬಿಡಿಸಿ ನನ್ನ ಬಾಯಿಗಿಟ್ರು," ಎಂದು ಹೇಳುವಾಗ ಅವಳ ಮುಖ ಕೆಂಪಗಾಗುತ್ತಿತ್ತು. ಗಂಡಸು ಹೆಂಡತಿಯ ಬಾಯಿಗೆ ಹಣ್ಣು ಇಡುವ ಊರೊಂದಿದೆ ಎಂದು ಮುಳಬಾಗಿಲಿನ ನಮ್ಮ ಮನೆಯಲ್ಲಿ ಕೂತು ನಾನು ಕೇಳಿದ್ದು ಅದೇ ಮೊದಲು.

ಅವಳು ನನ್ನ ಸೋದರಮಾವನ ಹೆಂಡತಿ. ಮಾವ ಚಿನ್ನದ ಗಣಿಯ ಕಡೆ ಯಂತ್ರದ ಕೆಲಸ ಕಲಿತು, ಗೆಳೆಯನೊಬ್ಬನ ಮಾತು ಕೇಳಿ ಹಡಗು ಹತ್ತಿ, ಮಲಯದ ಪಿನಾಂಗ್ ದ್ವೀಪದ ಬಂದರಿನಲ್ಲಿ ಫಿಟ್ಟರಾಗಿ ಸೇರಿಕೊಂಡಿದ್ದ. ಅತ್ತೆ ಗೌನಿಪಲ್ಲಿಯ ಮಾವಿನ ತೋಪಿನವರ ಮಗಳು. ಮನೆಮಾತು ತೆಲುಗು, ನಮ್ಮ ಜೊತೆ ಕನ್ನಡ, ದ್ವೀಪದಲ್ಲಿ ಕಲಿತದ್ದು ಮಲಯ ಭಾಷೆ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಅಮ್ಮ ನನ್ನನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮನೆಯ ಯಜಮಾನಿಕೆಯೆಲ್ಲ ಅಜ್ಜಿಯದು.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚೆ ಅತ್ತೆ, ಮಾವ ಇಬ್ಬರೂ ಒಮ್ಮೆ ಊರಿಗೆ ಬಂದು ಹೋಗಿದ್ದರು. ಮಾವ ತಂದ ಬಿಸ್ಕತ್ತಿನ ಡಬ್ಬ, ಬಣ್ಣದ ಕೊಡೆ ಎಲ್ಲ ನನಗೆ ನೆನಪಿದೆ. ಅಜ್ಜಿಗೆ ನೆನಪಿದ್ದದ್ದು ಬೇರೆ. ಅವರಿಬ್ಬರೂ ಪೇಟೆ ಬೀದಿಯಲ್ಲಿ ಜೊತೆಜೊತೆಯಾಗಿ ಮಾತಾಡಿಕೊಂಡು ನಡೆದು ಬಂದರಂತೆ. "ಹಿಂದೆ ಬರೋಕೆ ಇವಳಿಗೇನು ರೋಗ? ಊರೆಲ್ಲ ನೋಡ್ತೈತೆ," ಎಂದು ಅಜ್ಜಿ ಬೈದಳು. ಮಾವ ನಕ್ಕ. ಮಾರನೆಯ ದಿನವೂ ಇಬ್ಬರೂ ಹಾಗೆಯೇ ನಡೆದರು.

ಅವರ ಮನೆ ಊರಾಚೆಯ ಗುಡ್ಡದ ಇಳಿಜಾರಿನಲ್ಲಿತ್ತಂತೆ. ಅಡುಗೆಮನೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಅನ್ನ ಬೇಯುವಷ್ಟರಲ್ಲಿ ಅವಳು ಅಲ್ಲಿಂದಲೇ ಬಂದ ಹಡಗು, ಹೋದ ಹಡಗು ಎಲ್ಲ ನೋಡಿಬಿಡುತ್ತಿದ್ದಳು. ಪಕ್ಕದ ಮನೆಯ ಚೀನೀ ಹೆಂಗಸು ಇವಳಿಂದ ಸಾರು ಕಲಿತು, ಇವಳಿಗೆ ಅಕ್ಕಿಯ ಕಡುಬು ಕಲಿಸಿದ್ದಳು. ಸಂಜೆ ಮಾವ ಕೆಲಸ ಮುಗಿಸಿ ಬಂದು ಸ್ನಾನ ಮಾಡಿದ ಮೇಲೆ ಇಬ್ಬರೂ ದಡಕ್ಕೆ ಹೋಗಿ ಹುರಿದ ಕಡಲೆಕಾಯಿ ತಿನ್ನುತ್ತ ಕೂರುವುದು. ವರ್ಷಕ್ಕೊಮ್ಮೆ ರಜೆ ಸಿಕ್ಕಿದಾಗ ಎಲ್ಲಿಗಾದರೂ ಹೊರಡುವುದು. ಒಂದು ಸಲ ಹಡಗಿನಲ್ಲಿ ಸುಮಾತ್ರಾಕ್ಕೆ ಹೋಗಿ ಬೆಟ್ಟದ ಮೇಲಿನ ಕೆರೆ ನೋಡಿದ್ದರು. "ನಮ್ಮ ಕೆರೆ ಥರ ಅಲ್ಲ. ಆ ಕಡೆ ದಡನೇ ಕಾಣಲ್ಲ. ನೀರು ಕುಡಿದು ನೋಡಿದೆ, ಸಿಹಿ!" ಇನ್ನೊಂದು ಸಲ ರೈಲಿನಲ್ಲಿ ಸಯಾಮಿಗೆ. ಅಲ್ಲಿ ತರಕಾರಿ ಸಂತೆ ದೋಣಿಗಳ ಮೇಲೆ ನಡೆಯುತ್ತದಂತೆ. ಮಾವ ಬದನೆಕಾಯಿ ಚೌಕಾಸಿ ಮಾಡಲು ಬಗ್ಗಿ ಕಾಲುವೆಗೆ ಬಿದ್ದನಂತೆ. ಮಕ್ಕಳಿರಲಿಲ್ಲ ಅವರಿಗೆ. ಅದನ್ನು ಅವಳು ಕೊರಗಾಗಿ ಹೇಳಿದ್ದು ನಾನು ಕೇಳಲಿಲ್ಲ. ಕೊರಗಿದ್ದದ್ದು ಅಜ್ಜಿಗೆ.

ಆ ವರ್ಷ ಜಾವಾ ನೋಡುವುದೆಂದು ಇಬ್ಬರೂ ಗೊತ್ತು ಮಾಡಿಕೊಂಡಿದ್ದರು. ಅಷ್ಟರಲ್ಲಿ ಊರಿನಿಂದ ತಂತಿ ಹೋಯಿತು: ತಾಯಿಗೆ ತುಂಬ ಕಾಯಿಲೆ, ತಕ್ಷಣ ಹೊರಡಿ. ಮಾವನಿಗಿದ್ದ ರಜೆ ಜಾವಾಕ್ಕೆ ಸಾಕು, ಊರಿಗೆ ಬಂದು ಹೋಗಲು ಸಾಲದು. ಹಾಗಾಗಿ ಅತ್ತೆಯೊಬ್ಬಳನ್ನೇ ಹಡಗು ಹತ್ತಿಸಿದ.

ಅವಳು ಬಸ್ಸಿಳಿದು ಬಂದಾಗ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದೆ.

"ಅವನೆಲ್ಲಿ?" ಅಂದಳು ಅಜ್ಜಿ.

"ರಜಾ ಸಿಗ್ಲಿಲ್ಲ ಅತ್ತಮ್ಮ. ನಿಮಗೆ... ಹುಷಾರಿಲ್ಲ ಅಂತ..."

"ನನಗೇನಾಗೈತೆ? ಗುಂಡುಕಲ್ಲಿನಂಗಿದೀನಿ. ಹಂಗೆ ಬರೀದಿದ್ರೆ ನೀವು ಬರ್ತಿದ್ರಾ?"

ಅತ್ತೆ ಟ್ರಂಕನ್ನು ಕೆಳಗಿಡದೆ ಹಾಗೇ ನಿಂತಿದ್ದಳು. ಸಮುದ್ರ ದಾಟಿ, ರೈಲು ಹಿಡಿದು, ಬಸ್ಸು ಹಿಡಿದು ಬಂದವಳಿಗೆ ಒಂದು ಲೋಟ ನೀರು ಕೊಟ್ಟವಳು ನನ್ನ ಅಮ್ಮ.

ಕರೆಸಿದ ಕಾರಣವನ್ನು ಅಜ್ಜಿ ಬಹಳ ದಿನ ಮುಚ್ಚಿಡಲಿಲ್ಲ. ಊಟಕ್ಕೆ ಕೂತಾಗ ಎಲ್ಲರೆದುರೇ ಹೇಳಿದಳು. ಮನೆತನ ನಿಂತುಹೋಗಬಾರದು, ಮಾವ ಇನ್ನೊಂದು ಮದುವೆಯಾಗಬೇಕು, ಹುಡುಗಿಯನ್ನು ಹೊರಗೆ ಹುಡುಕುವುದು ಬೇಡ, ಮನೆಯಲ್ಲೇ ಅಕ್ಕನ ಮಗಳಿದ್ದಾಳೆ. ಅಂದರೆ ನಾನು. ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಹೊಸದಲ್ಲ. "ನಿನ್ನ ಯಾರೂ ಬಿಡು ಅನ್ನಲ್ಲ. ನೀನೂ ಇರು, ಇವಳೂ ಇರ್ತಾಳೆ," ಎಂದು ಅತ್ತೆಗೆ ದಯೆ ತೋರಿಸುವವಳಂತೆ ಹೇಳಿದಳು.

ಅತ್ತೆ ತುತ್ತು ತಟ್ಟೆಗೆ ಬಿಟ್ಟು, "ಅವಳನ್ನ ಕೇಳಿದ್ರಾ?" ಅಂದಳು.

"ಯಾರನ್ನ?"

"ಈ ಹುಡುಗೀನ."

ಅಜ್ಜಿ ಆ ಮಾತಿಗೆ ಅರ್ಥವೇ ಇಲ್ಲವೆಂಬಂತೆ ಅಮ್ಮನ ಕಡೆ ನೋಡಿದಳು. ಅಮ್ಮ ಮುದ್ದೆಯ ಪಾತ್ರೆಯೊಳಗೆ ನೋಡುತ್ತಿದ್ದಳು. ನನ್ನನ್ನು ಕೇಳಬಹುದಾದದ್ದು ಏನಾದರೂ ಇದೆ ಎಂದು ಆವರೆಗೆ ನನಗೂ ಗೊತ್ತಿರಲಿಲ್ಲ.

ಅತ್ತೆ ಮುಂದಿನ ಹಡಗಿಗೇ ವಾಪಸು ಹೊರಡಲು ನೋಡಿದಳು. ಟಿಕೆಟ್ಟಿಗೆ ಬರೆದು ಕಾಯುತ್ತಿರುವಾಗಲೇ ಆ ಕಡೆಗೂ ಯುದ್ಧ ಹಬ್ಬಿತು. ದ್ವೀಪದ ಮೇಲೆ ಬಾಂಬು ಬಿದ್ದ ಸುದ್ದಿ ಕೋಲಾರದಿಂದ ಬಂದ ಪೇಪರಿನಲ್ಲಿತ್ತು. ಆಮೇಲೆ ಹಡಗೂ ಇಲ್ಲ, ಟಪಾಲೂ ಇಲ್ಲ. ಬಿಳಿಯರು ತಮ್ಮ ಜನವನ್ನು ಹಡಗಿಗೆ ತುಂಬಿಕೊಂಡು ಹೋದರು, ಉಳಿದವರನ್ನು ಕೇಳಲೇ ಇಲ್ಲ ಎಂದು ಅಲ್ಲಿಂದ ಹೇಗೋ ತಪ್ಪಿಸಿಕೊಂಡು ಬಂದವನೊಬ್ಬ ಹೇಳಿದ. ಮಾವನ ವಿಷಯ ಅವನಿಗೂ ಗೊತ್ತಿರಲಿಲ್ಲ.

ಯುದ್ಧ ಮುಗಿಯುವವರೆಗೆ ಅತ್ತೆ ನಮ್ಮ ಮನೆಯಲ್ಲೇ ಇದ್ದಳು. ಸುಳ್ಳು ತಂತಿ ಕೊಟ್ಟು ಕರೆಸಿದ ಅಜ್ಜಿಯೇ, "ಗಂಡನ್ನ ಬೆಂಕಿಯೊಳಗೆ ಬಿಟ್ಟು ತಾನು ಓಡಿ ಬಂದ್ಲು," ಎಂದು ಬಾವಿಕಟ್ಟೆಯ ಹೆಂಗಸರ ಮುಂದೆ ಹೇಳಿಕೊಂಡು ತಿರುಗಿದಳು. ಅಕ್ಕಿ ಸಿಗದ ಕಾಲ. ಅಜ್ಜಿ ಬಡಿಸುವಾಗ ಅತ್ತೆಯ ಮುದ್ದೆ ಎಲ್ಲರದಕ್ಕಿಂತ ಚಿಕ್ಕದಾಗಿರುತ್ತಿತ್ತು. ಎರಡನೆಯ ವರ್ಷದ ಹೊತ್ತಿಗೆ, ಇನ್ನು ಅವನಿಲ್ಲವೆಂದು ತಿಳಿದು ಕರ್ಮ ಮಾಡಿಬಿಡುವುದು ಒಳ್ಳೆಯದೆಂದು ನೆಂಟರು ಹೇಳತೊಡಗಿದರು. ಒಂದು ಬೆಳಿಗ್ಗೆ ಅವರಲ್ಲಿ ಹಿರಿಯನೊಬ್ಬ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಕುಂಕುಮ ಅಳಿಸಿದರೆ ಅವಳಿಗೂ ಒಂದು ಮರ್ಯಾದೆ, ಮನೆಗೂ ಒಂದು ನೆಮ್ಮದಿ ಅಂದ.

"ನೀವು ನೋಡಿದ್ರಾ ಹೆಣಾನ?" ಅಂದಳು ಅತ್ತೆ. "ನೋಡಿಲ್ಲ ತಾನೆ? ಹಂಗಾದ್ರೆ ನನ್ನ ಹಣೆ ತಂಟೆಗೆ ಬರಬೇಡಿ." ಎದ್ದು ಒಳಗೆ ಹೋಗಿ ಕುಂಕುಮವನ್ನು ಇನ್ನಷ್ಟು ಅಗಲವಾಗಿ ಇಟ್ಟುಕೊಂಡು ಬಂದು ರಾಗಿ ಬೀಸಲು ಕೂತಳು.

ದ್ವೀಪದ ಕಥೆಗಳನ್ನೆಲ್ಲ ನಾನು ಕೇಳಿದ್ದು ಆ ವರ್ಷಗಳಲ್ಲಿ, ಬೀಸುವ ಕಲ್ಲಿನ ಎದುರು. ನನಗೆ ಬಂದ ಒಂದೆರಡು ಸಂಬಂಧಗಳನ್ನು ಅಜ್ಜಿ ತಿರುಗಿಸಿ ಕಳಿಸಿದ್ದಳು. ಅವಳ ಲೆಕ್ಕದಲ್ಲಿ ನಾನು ಮಾವನಿಗೆ ಎತ್ತಿಟ್ಟ ಹುಡುಗಿ. ಅತ್ತೆಗೆ ಅದು ಗೊತ್ತಿತ್ತು. ಆದರೂ ನನ್ನ ಮೇಲೆ ಅವಳಿಗೆ ಮುನಿಸಿರಲಿಲ್ಲ. ನಿಂತುಹೋಗಿದ್ದ ನನ್ನ ಓದನ್ನು ಮತ್ತೆ ಹಿಡಿಸಿದವಳು ಅವಳೇ. ಹಳೆಯ ಪುಸ್ತಕಗಳನ್ನು ಕೇಳಿ ತಂದು, "ಓದೇ, ರಾಗಿ ನಾನು ಬೀಸ್ತೀನಿ. ಕೈ ನೋಯೋದು ನಂದು, ಬಾಯಿ ನೋಯೋದು ನಿಂದಾಗ್ಲಿ," ಎನ್ನುತ್ತಿದ್ದಳು.

ಯುದ್ಧ ನಿಂತ ಮಾರನೆಯ ವರ್ಷ ಮಾವ ಬಂದ.

ಇದ್ದಿಲ ಗ್ಯಾಸಿನ ಬಸ್ಸಿನಿಂದ ಇಳಿದು ಬಂದ ಮನುಷ್ಯನನ್ನು ಅಜ್ಜಿಯೇ ಗುರುತು ಹಿಡಿಯಲಿಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು, ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ಹೆಣ್ಣು ಮಗುವಿತ್ತು; ಮೂರು ತುಂಬಿರಬಹುದು. ಅಜ್ಜಿ ಅವನ ಕೊರಳಿಗೆ ಬಿದ್ದು ಗೋಳಾಡಿದಳು. ಅತ್ತೆ ನೀರಿನ ಚೊಂಬು ಹಿಡಿದುಕೊಂಡು ಬಾಗಿಲಿಗೆ ಬಂದವಳು ಮಗುವನ್ನು ಕಂಡು ನಿಂತಳು. ಗದ್ದಲಕ್ಕೆ ಹೆದರಿದ ಮಗು, "ಆಯೆರ್, ಆಯೆರ್," ಎಂದು ಅಳತೊಡಗಿತು. ಒಬ್ಬರು ಬೆಲ್ಲ ತಂದರು, ಒಬ್ಬರು ಬಾಳೆಹಣ್ಣು ತಂದರು. ಮಗು ಎಲ್ಲವನ್ನೂ ತಳ್ಳಿತು. ಆ ಮಾತು ಅರ್ಥವಾಗುವವಳು ಆ ಮನೆಯಲ್ಲಿ ಅತ್ತೆಯೊಬ್ಬಳೇ. ಅವಳು ಬಗ್ಗಿ, ಕೈಯಲ್ಲಿದ್ದ ಚೊಂಬನ್ನು ಮಗುವಿನ ಬಾಯಿಗೆ ಹಿಡಿದಳು. ಅದು ಗಟಗಟನೆ ನೀರು ಕುಡಿದು, ಅವಳ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಮಲಯದಲ್ಲಿ ಇನ್ನೇನೋ ಕೇಳಿತು. ಅತ್ತೆಯೂ ಅದೇ ಭಾಷೆಯಲ್ಲಿ ಉತ್ತರ ಕೊಟ್ಟಳು. ಗಂಡನ ಕಡೆ ಆವರೆಗೂ ಅವಳು ತಲೆಯೆತ್ತಿರಲಿಲ್ಲ.

ಮಧ್ಯಾಹ್ನ ಹಿತ್ತಲಲ್ಲಿ ಅವರಿಬ್ಬರೂ ಮಾತಾಡಿದರು. ನಾನು ಅಲ್ಲೇ ಮಗುವಿಗೆ ಸ್ನಾನ ಮಾಡಿಸುತ್ತಿದ್ದೆ.

"ಜಪಾನಿನೋರ ಕಾಲ," ಅಂದ ಮಾವ. "ಬೆಳಿಗ್ಗೆ ಕೆಲಸಕ್ಕೆ ಹೋದೋನು ಸಂಜೆ ಬರ್ತೀನೋ ಇಲ್ವೋ ಅನ್ನೋಂಗಿತ್ತು. ಈ ಮಗು ತಾಯಿಗೂ ಯಾರೂ ಇರ್ಲಿಲ್ಲ. ಜ್ವರ ಬಂದು ಹೋದ್ಲು. ನೀನು ಊರಲ್ಲಿ ಸುಖವಾಗಿದೀಯ ಅಂದ್ಕೊಂಡಿದ್ದೆ."

"ಸುಖ," ಅಂದಳು ಅತ್ತೆ. "ನಾನೂ ನಾಳೆ ಏನು ಅಂತ ಗೊತ್ತಿಲ್ದೇನೇ ಕೂತಿದ್ದೆ. ನಾನು ಯಾರನ್ನೂ ಕಟ್ಕೊಳ್ಲಿಲ್ಲ."

ಮಾವ ಮಗುವಿನ ಅಂಗಿಯನ್ನು ಎತ್ತಿ ಮಡಿಸತೊಡಗಿದ.

"ಅದೇ ಮನೇನಾ?"

"ಹೂಂ."

"ಆ ಅಡುಗೆಮನೇಲೇನಾ?"

ಅವನು ಕಣ್ಣೊರೆಸಿಕೊಂಡ. ಅವಳು ಅಳಲಿಲ್ಲ. ಬಂದು ನನ್ನ ಕೈಯಿಂದ ಚೊಂಬು ಕಸಿದುಕೊಂಡು, "ಕಣ್ಣಿಗೆ ಸೀಗೆ ಹೋಗ್ತೈತೆ, ಬಿಡು, ನಾನು ಹಾಕ್ತೀನಿ," ಅಂದಳು.

ಬಂದರಿನವರು ಮಾವನನ್ನು ಮತ್ತೆ ಕೆಲಸಕ್ಕೆ ಕರೆದಿದ್ದರು. ಅತ್ತೆ ತಾನು ಬರುವುದಿಲ್ಲ, ಗೌನಿಪಲ್ಲಿಗೆ ಹೋಗಿ ಅಣ್ಣನ ತೋಪಿನಲ್ಲಿ ಇದ್ದುಬಿಡುತ್ತೇನೆ ಎಂದು ಖಂಡಿತವಾಗಿ ಹೇಳಿದಳು. ಅಜ್ಜಿಗೆ ಅಷ್ಟೇ ಬೇಕಿತ್ತು. ಮಗುವಿಗೆ ತಾಯಿ ಬೇಕು, ಮಗನಿಗೆ ಹೆಂಡತಿ ಬೇಕು, ಎತ್ತಿಟ್ಟ ಹುಡುಗಿ ಇದ್ದೇ ಇದ್ದಾಳೆ. ಮಾವನನ್ನು ಕೇಳಿದರೆ, "ಅಮ್ಮ ಹೇಳ್ದಂಗೆ," ಅಂದ. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವನು ದಣಿದಿದ್ದ, ಅಷ್ಟೇ. ದಣಿದ ಗಂಡಸಿನ ಪಕ್ಕಕ್ಕೆ ಒಬ್ಬ ಹುಡುಗಿಯನ್ನು ಎತ್ತಿ ಇಡುವುದು ಯಾರಿಗೂ ಅನ್ಯಾಯವೆನಿಸಲಿಲ್ಲ. ಅಮ್ಮ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಯಾರಾದರೂ ಬಂದರೆ ಹೊಗೆ ಅನ್ನುತ್ತಿದ್ದಳು.

ಗೌನಿಪಲ್ಲಿಗೆ ಹೊರಡಬೇಕಾದ ಬೆಳಿಗ್ಗೆ ಅತ್ತೆ ನನ್ನನ್ನು ಬಾವಿಯ ಹತ್ತಿರ ಕರೆದಳು.

"ನಿನಗೆ ಇಷ್ಟ ಐತಾ?"

"ಇಲ್ಲ ಅತ್ತೆ."

"ನೆಲ ನೋಡ್ಕೊಂಡು ಹೇಳಬೇಡ. ನನ್ನ ನೋಡಿ ಹೇಳು."

"ಇಲ್ಲ. ಸತ್ರೂ ಒಲ್ಲೆ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಡುಮನೆಗೆ ಹೋಗಿ, ಅಜ್ಜಿ ಮಾವ ಇಬ್ಬರೂ ಕೂತಿದ್ದಲ್ಲಿ ನಿಂತು ಹೇಳಿದಳು: "ಇವರ ಜೊತೆ ನಾನೇ ಹೋಗ್ತೀನಿ. ಮಗೂನ ನಾನೇ ನೋಡ್ಕೊತೀನಿ. ಆದ್ರೆ ಈ ಹುಡುಗಿ ಕೋಲಾರಕ್ಕೆ ಹೋಗಿ ಟೀಚರ್ ಟ್ರೈನಿಂಗ್ ಸೇರಬೇಕು. ಅವಳು ಕೋಲಾರದ ಬಸ್ಸು ಹತ್ತಿದ ಮೇಲೇನೇ ನಾನು ಈ ಹೊಸಲು ದಾಟೋದು."

"ಇದೆಂಥ ಹಟ!" ಎಂದು ಅಜ್ಜಿ ಕೂಗಾಡಿದಳು. ಮಾವ ತಲೆ ತಗ್ಗಿಸಿಕೊಂಡೇ, "ಆಗ್ಲಿ," ಅಂದ. ಅವನು ನನಗಾಗಿ ಆಡಿದ ಮಾತು ಅದೊಂದೇ.

ನನ್ನನ್ನು ಕೋಲಾರದ ಬಸ್ಸು ಹತ್ತಿಸಲು ಅವಳೇ ಬಂದಳು. ಮಗು ಅವಳ ಸೊಂಟದ ಮೇಲಿತ್ತು. ಏನಾದರೂ ಸಮಾಧಾನದ ಮಾತು ಹೇಳಬೇಕೆನಿಸಿ ನಾನು, "ನಿನ್ನ ದ್ವೀಪಕ್ಕೆ ಹೋಗ್ತಿದೀಯಲ್ಲ ಅತ್ತೆ. ಸಮುದ್ರ, ಗುಡ್ಡ... ಅಲ್ಲಿಗೆ ಹೋದ ಮೇಲೆ ಎಲ್ಲ ಸರಿಹೋಗ್ತೈತೆ," ಅಂದೆ.

"ಈಗ ಅದು ನೀರಿನ ಮಧ್ಯೆ ಇರೋ ನೆಲ, ಅಷ್ಟೇ ಕಣೇ," ಅಂದಳು.

ಬಸ್ಸು ಹೊರಟಾಗ ಅವಳು ಕೈ ಬೀಸಲಿಲ್ಲ. ಬೀಸಿದ್ದು ಮಗು.

ನಾನು ಟ್ರೈನಿಂಗ್ ಮುಗಿಸಿದೆ. ಮಾಲೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ದ್ವೀಪದಿಂದ ಅಪರೂಪಕ್ಕೆ ಬರುತ್ತಿದ್ದ ಕಾಗದಗಳಲ್ಲಿ ಅತ್ತೆ ಮಗುವಿನ ವಿಷಯ ಮಾತ್ರ ಬರೆಯುತ್ತಿದ್ದಳು: ಕನ್ನಡ ಕಲಿಯುತ್ತಿದೆ, ಸ್ಕೂಲಿಗೆ ಸೇರಿಸಿದೆ, ಹಲ್ಲು ಬಿತ್ತು. ರಜೆಗೆ ಎಲ್ಲಿಗಾದರೂ ಹೋಗಿದ್ದಿರಾ ಎಂದು ನಾನು ಒಮ್ಮೆ ಬರೆದು ಕೇಳಿದ್ದೆ. "ಅವರು ಕರೆದರು. ನನಗೆ ಮನಸ್ಸಿಲ್ಲ," ಎಂದು ಬಂತು. ಮನೆ ಬದಲಾಯಿಸೋಣವೆಂದು ಅವಳು ಕೇಳಿಕೊಂಡಿದ್ದಳೆಂದೂ, ಬಾಡಿಗೆ ಕಡಿಮೆಯೆಂದು ತಾನು ಬೇಡವೆಂದೆನೆಂದೂ ಬಹಳ ದಿನಗಳ ಮೇಲೆ ಮಾವ ಬರೆದ.

ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ರಜೆಗೆಂದು ಮುಳಬಾಗಿಲಿಗೆ ಬಂದಿದ್ದೆ. ಜ್ವರವೆಂದು ಮಲಗಿದವಳು ಏಳಲಿಲ್ಲವಂತೆ. ಮಾವ ಬರೆದಿದ್ದ ನಾಲ್ಕು ಸಾಲನ್ನು ನಾನೇ ಓದಿ ಹೇಳಿದೆ. ಆಗ ಅಜ್ಜಿಗೆ ಕಣ್ಣು ಮಂಜಾಗಿತ್ತು. ಕೇಳಿದವಳು ಎರಡೂ ಕೈ ಮುಗಿದು, "ಪುಣ್ಯವಂತೆ. ಮುತ್ತೈದೆಯಾಗಿ ಹೋದ್ಲು," ಅಂದಳು.

ಅಮ್ಮ ಒಳಗೆ ಪಾತ್ರೆ ತಿಕ್ಕುತ್ತಿದ್ದವಳು ಬೂದಿಗೈಯಲ್ಲೇ ಹೊರಗೆ ಬಂದಳು. ಹುಟ್ಟಿದಾಗಿನಿಂದ ತಾಯಿಗೆ ಎದುರು ಮಾತಾಡಿದವಳಲ್ಲ. "ಬಾಯಿ ಮುಚ್ಕೊಂಡಿರಮ್ಮ," ಅಂದಳು. "ನನ್ನ ಮಗಳ ಬದ್ಲು ಹೋದೋಳು ಅವಳು. ಅವಳ ಹೆಸರು ಎತ್ತಬೇಡ ನೀನು."

ಅಮ್ಮ ನನ್ನ ಕಡೆ ತಿರುಗಿ, ಮುಂದೆ ಏನು ಮಾಡಬೇಕೆಂದು ತಿಳಿಯದವಳ ಹಾಗೆ, ಊಟಕ್ಕೆ ಏಳು ಅಂದಳು. ನಾನು ಎದ್ದೆ. ನಾನು ತಿಂದ ಅನ್ನ, ಕಲಿಸಿದ ಪಾಠ, ನನಗೆ ಬೇಕೆನಿಸಿದವನನ್ನೇ ಆಮೇಲೆ ಮದುವೆಯಾದದ್ದು, ಎಲ್ಲದರ ಹಿಂದೆಯೂ ಒಬ್ಬ ಹೆಂಗಸು ತನಗೆ ಬೇಡವಾದ ಹಡಗನ್ನು ಹತ್ತಿದ್ದಾಳೆ. ಅದನ್ನು ಒಳ್ಳೆಯ ನೆನಪೆಂದು ಇಟ್ಟುಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.